ಮಿಲಿಟರಿ ಅಜ್ಜ ಇನ್ನಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಓಣಿಯ ಮಿಲಿಟರಿ ಅಜ್ಜ ಕಳೆದ ವಾರ ತೀರಿಕೊಂಡರು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಇದ್ದವರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾದ ಸುದ್ದಿ ಕೇಳಿ ಎಲ್ಲರೂ ಅತ್ತುಬಿಟ್ಟೆವು ಎನ್ನುತ್ತಿದ್ದರು. ಯುದ್ಧದ ಬಗ್ಗೆ ಅದಕ್ಕಿಂತ ಜಾಸ್ತಿ ಹೇಳುತ್ತಿರಲಿಲ್ಲ.

ಹೇಳಿದ್ದೆಲ್ಲ ಮನೆಯ ಮಾತೇ. ತಿಂಗಳಿಗೊಮ್ಮೆ ಮನಿಯಾರ್ಡರ್ ಕಳಿಸುವಾಗ, ಫಾರಂನ ಕೆಳಗಿನ ಸಣ್ಣ ಜಾಗದಲ್ಲಿ ಹೆಂಡತಿಗೆ ಎರಡು ಸಾಲು ಬರೆಯುತ್ತಿದ್ದರಂತೆ. ಆ ಚೀಟಿಗಳನ್ನು ಅಜ್ಜಿ ದಾರ ಕಟ್ಟಿ ಅವರ ಕಪ್ಪು ಟ್ರಂಕಿನಲ್ಲಿ ಇಟ್ಟಿದ್ದಾರೆ. ಮೊನ್ನೆ ತೆಗೆದು ತೋರಿಸಿದರು. ಶಾಯಿ ಮಾಸಿದೆ. ಒಂದರಲ್ಲಿ, ‘ಮಗಳಿಗೆ ಹಲ್ಲು ಬಂತಾ?’ ಎಂದಿತ್ತು.

ಅಜ್ಜಿಯ ಮೊಣಕಾಲು ಸೋತ ಮೇಲೆ ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದವರು ಅಜ್ಜನೇ. ಶರಣಬಸವೇಶ್ವರ ಜಾತ್ರೆಯಲ್ಲಿ ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ತೇರು ತೋರಿಸುತ್ತಿದ್ದರು. ಬಂದೂಕು ಹಿಡಿದ ಕೈ ಇಷ್ಟು ಮೆತ್ತಗಿರುತ್ತದಾ ಅನಿಸುತ್ತಿತ್ತು ನನಗೆ.

ಆಗ ಇಪ್ಪತ್ತರಲ್ಲಿದ್ದ ಸೈನಿಕರಿಗೆ ಈಗ ಎಪ್ಪತ್ತು ದಾಟಿದೆ. ಈ ವಿಜಯ ದಿವಸಕ್ಕೆ ಕಲಬುರಗಿಯ ಶಾಲೆಗಳು ಸುಮ್ನೆ ಭಾಷಣ ಇಡುವ ಬದಲು, ಉಳಿದಿರುವ ಇಂಥ ಅಜ್ಜಂದಿರನ್ನು ಮಕ್ಕಳ ಜೊತೆ ಕೂರಿಸಲಿ. ನಮ್ಮ ಅಜ್ಜನನ್ನು ಯಾರೂ ಕರೆಯಲೇ ಇಲ್ಲ.

– ಓಣಿಯ ನೆರೆಯವನು, ಕಲಬುರಗಿ