ಬೈದರೆ ಅರ್ಜುನನೂ ಏಳಲಿಲ್ಲ

ಮಾನ್ಯರೇ,

ಮನಃಶಾಸ್ತ್ರದಲ್ಲಿ ಇರುವುದನ್ನೆಲ್ಲ ನಮ್ಮ ಋಷಿಗಳು ಯಾವತ್ತೋ ಹೇಳಿಬಿಟ್ಟಿದ್ದಾರೆ ಎನ್ನುವ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಎಲ್ಲಿ ಹೇಳಿದ್ದಾರೆ, ಏನು ಹೇಳಿದ್ದಾರೆ ಅಂತ ಬಿಡಿಸಿ ಬರೆಯುವವರು ಮಾತ್ರ ಕಡಿಮೆ.

ಹೋಲಿಕೆ ಖಂಡಿತ ಇದೆ. ಗೀತೆಯ 2ನೇ ಅಧ್ಯಾಯದ 62 ಮತ್ತು 63ನೇ ಶ್ಲೋಕ ನೋಡಿ. ಒಂದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತಿದ್ದರೆ ಅದರ ಮೇಲೆ ಅಂಟು ಹುಟ್ಟುತ್ತದೆ, ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಆಮೇಲೆ ನೆನಪು ಕೆಟ್ಟು, ಬುದ್ಧಿ ಕೆಟ್ಟು, ಕೊನೆಗೆ ಮನುಷ್ಯನೇ ಹಾಳಾಗುತ್ತಾನೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಗೆಂದು ರೂಪಿಸಿದ ಚಿಕಿತ್ಸೆಯೂ ಯೋಚನೆಯ ಎಳೆ ಹಿಡಿದೇ ಹೋಗುತ್ತದೆ. ಬೇಸರಕ್ಕೆ ಮೊದಲು ತಲೆಗೆ ಏನು ಬಂತು? ಅದು ನಿಜವೇ? ಸಾಕ್ಷಿ ಏನಿದೆ? ಕೆಟ್ಟ ಯೋಚನೆ ಕಾಡಿದಾಗ ಅದಕ್ಕೆ ವಿರುದ್ಧವಾದದ್ದನ್ನು ಭಾವಿಸು ಎಂದು ಪತಂಜಲಿಯ ಯೋಗಸೂತ್ರದಲ್ಲೂ ಇದೆ. ಹತ್ತಿರ ಬಂತು, ಆದರೆ ಎರಡೂ ಒಂದೇ ಅಲ್ಲ. ಪತಂಜಲಿಯ ಗುರಿ ಕೈವಲ್ಯ, ಅಂದರೆ ಮುಕ್ತಿ. ಬೆಕ್‌ಗೆ ಆ ಮನುಷ್ಯ ನಾಳೆ ಹಾಸಿಗೆಯಿಂದ ಎದ್ದರೆ ಸಾಕಿತ್ತು, ಎದ್ದನೋ ಇಲ್ಲವೋ ಅಂತ ಅಳೆದು ನೋಡಲೂ ಬೇಕಿತ್ತು, ಖಿನ್ನತೆ ಅಳೆಯಲು 1961ರಲ್ಲೇ 21 ಅಂಶಗಳ ಪ್ರಶ್ನಾವಳಿ ಪ್ರಕಟಿಸಿದ್ದರು.

ನನಗೆ ಇದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಅರ್ಜುನನ ಸ್ಥಿತಿ. ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲೂ ಆಗುತ್ತಿಲ್ಲ ಅನ್ನುತ್ತಾನೆ. ವಿಪರೀತ ಗಾಬರಿಯಲ್ಲಿ ವೈದ್ಯರ ಹತ್ತಿರ ಬಂದವರು ಹೇಳುವುದೂ ಬಹುಪಾಲು ಇದನ್ನೇ ಅಲ್ವಾ? 1ನೇ ಅಧ್ಯಾಯ ಮುಗಿಯುವವರೆಗೂ ಅವನು ಮಾತಾಡುತ್ತಲೇ ಇರುತ್ತಾನೆ, ಕೃಷ್ಣ ನಡುವೆ ಬಾಯಿ ಹಾಕುವುದಿಲ್ಲ. ಆಮೇಲೆ ಒಮ್ಮೆ ಗದರುತ್ತಾನೆ, ಹೇಡಿಯಾಗಬೇಡ, ಏಳು ಅಂತ. ನಮ್ಮಲ್ಲಿ ಖಿನ್ನತೆಯಿಂದ ಕೂತವರಿಗೆ ಜನ ಎತ್ತಿ ಹೇಳುವುದು ಈ ಶ್ಲೋಕವನ್ನೇ. ಸುಮ್ನೆ ಮುಂದಿನ ಪುಟ ತಿರುಗಿಸಿ. ಅರ್ಜುನ ಏಳುವುದೇ ಇಲ್ಲ! ನನಗೆ ದಾರಿ ಕಾಣುತ್ತಿಲ್ಲ, ನೀನೇ ಹೇಳಿಕೊಡು ಎಂದು ಕೇಳಿಕೊಳ್ಳುತ್ತಾನೆ, ಯುದ್ಧ ಮಾಡುವುದಿಲ್ಲ ಎಂದು ಸುಮ್ಮನಾಗುತ್ತಾನೆ. ಕೃಷ್ಣ ನಸುನಗುತ್ತಾ ಉಪದೇಶ ಶುರು ಮಾಡುವುದು ಅದಾದ ಮೇಲೆ. ಅಲ್ಲಿಂದ 18ನೇ ಅಧ್ಯಾಯದವರೆಗೆ ಅರ್ಜುನ ಮತ್ತೆ ಮತ್ತೆ ಅನುಮಾನ ಎತ್ತುತ್ತಾನೆ, ಮನಸ್ಸು ಗಾಳಿಯ ಹಾಗೆ, ಹಿಡಿಯಲು ಆಗದು ಅಂತಲೂ ವಾದಿಸುತ್ತಾನೆ. ಹೌದು, ಕಷ್ಟವೇ, ಆದರೆ ಅಭ್ಯಾಸದಿಂದ, ವೈರಾಗ್ಯದಿಂದ ಸಾಧ್ಯ ಎಂದು ಕೃಷ್ಣ ಒಪ್ಪಿಕೊಂಡೇ ಮುಂದುವರಿಯುತ್ತಾನೆ. ಎಲ್ಲ ಹೇಳಿ ಮುಗಿಸಿ, ಚೆನ್ನಾಗಿ ಯೋಚಿಸಿ ನಿನಗೆ ತೋಚಿದಂತೆ ಮಾಡು ಎನ್ನುತ್ತಾನೆ.

ಇಷ್ಟು ತಾಳ್ಮೆಯ ಪುಸ್ತಕದಿಂದ ಒಂದು ಬೈಗುಳವನ್ನಷ್ಟೇ ಕಿತ್ತು ತಂದು, ಮಾತ್ರೆ ಬಿಡು, ಗೀತೆ ಓದು ಅನ್ನುವವರ ಬರಹ ಹಾಕುವಾಗ ದಯವಿಟ್ಟು ಅದರ ಪಕ್ಕದಲ್ಲೇ ಒಬ್ಬ ಮನೋವೈದ್ಯರ ಮಾತನ್ನೂ ಹಾಕಿ. ಮಾತ್ರೆ ನುಂಗುತ್ತಲೇ ಗೀತೆ ಓದಲು ಯಾರ ಅಡ್ಡಿಯೂ ಇಲ್ಲ.

– ಒಬ್ಬ ಓದುಗ