ಗ್ಯಾರೇಜಿನ ಜಿಟಿಒಗೆ ಕೀಲಿ ತಿರುಗಿಸುವ ಮುನ್ನ

ಮಾನ್ಯ ಸಂಪಾದಕರೇ,

ಅಮೆರಿಕದ ಮಿಶಿಗನ್ ರಾಜ್ಯದಲ್ಲಿದ್ದುಕೊಂಡು ನಿಮ್ಮ ಪತ್ರಿಕೆಯ ವಾಹನ ಪುಟ ಓದುವ ಓದುಗಾರ್ತಿ ನಾನು. ಎಲ್ಲೋ ಹಳೆ ಶೆಡ್ಡಿನಲ್ಲಿ ಹಳೆ ಕಾರು ಸಿಕ್ಕಿತು, ಹರಾಜಿನಲ್ಲಿ ಇಷ್ಟು ಡಾಲರಿಗೆ ಹೋಯಿತು ಎಂಬ ಸುದ್ದಿಗಳು ಎಲ್ಲ ಪತ್ರಿಕೆಗಳಲ್ಲೂ ಬರುತ್ತವೆ. ಅವನ್ನು ನಾನೂ ಆಸೆಯಿಂದ ಓದುತ್ತೇನೆ. ಆದರೆ ಎರಡು ವಿಷಯ ಅವುಗಳಲ್ಲಿ ಇರುವುದೇ ಇಲ್ಲ. ಕಾರಿನ ಒಡೆಯರಿಗೆ ಅದರ ನಿಜವಾದ ಬೆಲೆಯನ್ನು ಯಾರಾದರೂ ಹೇಳಿದರಾ? ಹೊರಗೆ ತಂದ ಮೊದಲ ದಿನ ಆ ಕಾರಿಗೆ ಏನು ಮಾಡಿದರು? ಈಚೆಗೆ ನಮ್ಮ ಪಕ್ಕದ ಮನೆಯಲ್ಲೇ ಇಂಥದ್ದೊಂದು ಕಾರು ಸಿಕ್ಕಿತು. ಅದಕ್ಕೇ ಈ ಪತ್ರ.

ನಾವಿರುವುದು ಪಾಂಟಿಯಾಕ್ ಊರಿನ ಹತ್ತಿರ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಹೆಂಗಸು ಒಬ್ಬರೇ ಇದ್ದಾರೆ. ಅವರ ಯಜಮಾನರು ಆ ಊರಿನ ಹೆಸರಿನದೇ ಪಾಂಟಿಯಾಕ್ ಕಾರುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ದುಡಿದವರು. ಅವರು ತೀರಿಕೊಂಡ ಮೇಲೆ ಹಿತ್ತಲಿನ ಗ್ಯಾರೇಜಿನ ಬಾಗಿಲು ತೆಗೆದದ್ದೇ ಅಪರೂಪ. ಈ ಸಲ ಹಿಮ ಕರಗುವ ಹೊತ್ತಿಗೆ ಅದರ ಚಾವಣಿ ಸೋರಿತು. ಸಾಮಾನು ಜರುಗಿಸಲು ಬರುತ್ತೀರಾ ಎಂದು ಕೇಳಿದರು. ನಾನು, ನನ್ನ ಗಂಡ ಹೋದೆವು. ರಟ್ಟಿನ ಪೆಟ್ಟಿಗೆಗಳು, ಕ್ರಿಸ್‌ಮಸ್ ದೀಪಗಳು, ಮುರಿದ ಕುರ್ಚಿಗಳು. ಅವುಗಳ ಹಿಂದೆ ಕ್ಯಾನ್ವಾಸ್ ಹೊದಿಸಿದ ಉದ್ದನೆಯ ಕಾರು. ಹೊದಿಕೆಯ ಅಂಚು ಎತ್ತಿದಾಗ ಕಂಡದ್ದು ಮೂತಿ. ಕ್ರೋಮ್ ಬಂಪರ್ ಇಲ್ಲ, ಬಾಡಿಯದೇ ಹಸಿರು ಬಣ್ಣದ ಮೆತ್ತನೆಯ ಬಂಪರ್. ನಾನು ಎಂಜಿನ್ ಬಿಡಿಭಾಗಗಳ ಟೆಸ್ಟಿಂಗ್ ಕೆಲಸದಲ್ಲಿರುವವಳು. ಏನದು ಅಂತ ಆಗಲೇ ಗೊತ್ತಾಯಿತು. 1969ರ ಪಾಂಟಿಯಾಕ್ ಜಿಟಿಒ.

"ಅದಾ, ನಮ್ಮವರ ಕಾರು. ಬ್ರೇಕ್ ಹಿಡಿಯುತ್ತಿರಲಿಲ್ಲ. ರಿಟೈರ್ ಆದ ಮೇಲೆ ಸರಿಮಾಡ್ತೀನಿ ಅಂತ ನಿಲ್ಲಿಸಿದ್ದರು" ಎಂದರು ಆಕೆ. ನಂಬರ್ ಪ್ಲೇಟಿನ ಮೇಲಿದ್ದ ಸ್ಟಿಕ್ಕರ್ 1985ರದ್ದು. ಆಮೇಲೆ ಅವರು ಹೇಳಿದ ಮಾತು ನನ್ನನ್ನು ಚುಚ್ಚಿತು. "ಯಾರಿಗಾದರೂ ಬೇಕಿದ್ದರೆ ಹೇಳಿ. ಚಾವಣಿ ರಿಪೇರಿಯ ದುಡ್ಡು ಬಂದರೆ ಸಾಕು."

ಸುದ್ದಿಗಳಲ್ಲಿ ಕಥೆ ಶುರುವಾಗುವುದು ಇಲ್ಲೇ ಅಲ್ವಾ? ಸಿಕ್ಕವನು ಕಡಿಮೆ ಬೆಲೆಗೆ ಕೊಂಡ, ಅದೃಷ್ಟವಂತ ಎಂದು ಬರೆಯುತ್ತಾರೆ. ಅವನಿಗೆ ಗೊತ್ತಿದ್ದದ್ದು ಆ ಮುದುಕಿಗೆ ಗೊತ್ತಿರಲಿಲ್ಲ. ಅದರ ಲಾಭ ಪಡೆಯುವುದನ್ನು ಅದೃಷ್ಟ ಎನ್ನಲು ನಾನು ಒಪ್ಪುವುದಿಲ್ಲ. ಇದನ್ನು ಯಾರಿಗೂ ಕೊಡಬೇಡಿ, ಇದು ಏನು ಎಂದು ಮೊದಲು ತಿಳಿದುಕೊಳ್ಳೋಣ ಎಂದು ಅಲ್ಲೇ ನಿಂತು ಹೇಳಿದೆವು.

ಇದು ಏನು ಎಂದು ನಿಮ್ಮ ಓದುಗರಿಗೂ ಸ್ವಲ್ಪ ಹೇಳಬೇಕು. ಮಧ್ಯಮ ಗಾತ್ರದ, ಜನಸಾಮಾನ್ಯರು ಕೊಳ್ಳಬಹುದಾದ ಕಾರಿಗೆ ದೊಡ್ಡ ಕಾರಿನ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದರೆ ಅದೇ ಮಸಲ್ ಕಾರ್. ಆ ಅಲೆಯನ್ನು ಎಬ್ಬಿಸಿದ್ದು ಜಿಟಿಒ. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಪಾಂಟಿಯಾಕ್ ಬ್ರಾಂಡಿನ ಒಡೆಯ ಕಂಪನಿಯಾದ ಜನರಲ್ ಮೋಟರ್ಸ್‌ನಲ್ಲಿ ಕಟ್ಟಳೆ ಇತ್ತು. ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡೆಲೋರಿಯನ್ ಮತ್ತು ಅವರ ತಂಡದವರು ದಾರಿ ಹುಡುಕಿದರು. 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಇಂಚಿನ ಎಂಜಿನ್ನನ್ನು ಬೇಕಾದವರು ಕೇಳಿ ಹಾಕಿಸಿಕೊಳ್ಳುವ ಆಪ್ಷನ್ ಆಗಿ ಕೊಟ್ಟರು. ಆ ಆಪ್ಷನ್ನಿನ ಹೆಸರೇ ಜಿಟಿಒ. ಆ ಒಂದೇ ವರ್ಷ 32,450 ಜಿಟಿಒಗಳು ಮಾರಾಟವಾದವು. ಉಳಿದ ಕಂಪನಿಗಳು ಹಿಂದೆ ಓಡಿ ಬಂದವು.

1969ರ ಹೊತ್ತಿಗೆ ಎಂಜಿನ್ 400 ಘನ ಇಂಚು, ಅಂದರೆ ಸುಮಾರು 6.6 ಲೀಟರ್. ಮಾರುತಿ 800ರ ಎಂಜಿನ್ 796 ಸಿಸಿ. ಅದರ ಎಂಟು ಪಟ್ಟು! ಮಾಮೂಲಿ ಜಿಟಿಒಗೆ 350 ಅಶ್ವಶಕ್ತಿ ಎಂದು ಕಂಪನಿ ಹೇಳುತ್ತಿತ್ತು. ಇದು ಆಗಿನ ಗ್ರಾಸ್ ಲೆಕ್ಕ, ಅಂದರೆ ಎಂಜಿನ್ನನ್ನು ಕಾರಿನಿಂದ ಹೊರಗಿಟ್ಟು, ಕಾರಿನ ಸೈಲೆನ್ಸರ್ ಮುಂತಾದವಿಲ್ಲದೆ ಅಳೆದದ್ದು. 1972ರಿಂದ ಬಂದ, ಅವೆಲ್ಲ ಜೋಡಿಸಿ ಅಳೆಯುವ ನೆಟ್ ಲೆಕ್ಕದಲ್ಲಿ ಎಲ್ಲ ಕಾರುಗಳ ಅಂಕಿಯೂ ಇಳಿಯಿತು. ಹಳೆ ಅಂಕಿಯನ್ನು ಇಂದಿನ ಕಾರಿನ ಪಕ್ಕದಲ್ಲಿಟ್ಟು ಹೋಲಿಸಬಾರದು. ಆಮೇಲೆ ಹೊಗೆ ನಿಯಮ ಬಂತು, ವಿಮೆ ದುಬಾರಿಯಾಯಿತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಜಿಟಿಒ 1974ಕ್ಕೆ ನಿಂತಿತು. 2010ರಲ್ಲಿ ಪಾಂಟಿಯಾಕ್ ಎಂಬ ಬ್ರಾಂಡೇ ಮುಚ್ಚಿಹೋಯಿತು.

ಈಗ ಕಾರಿನ ಗುರುತು. ವಿಂಡ್‌ಶೀಲ್ಡಿನ ಮೂಲಕ, ಚಾಲಕರ ಬದಿಯ ಡ್ಯಾಶ್‌ಬೋರ್ಡ್ ಮೇಲೆ ಸಂಖ್ಯೆ ಕಾಣುತ್ತದೆ. ಅದು 242379 ಎಂದು ಶುರುವಾಗಿ ಮುಂದೆ ಪಿ ಅಕ್ಷರ. ಮೊದಲ 2 ಅಂದರೆ ಪಾಂಟಿಯಾಕ್, 42 ಅಂದರೆ ಜಿಟಿಒ, 37 ಅಂದರೆ ಎರಡು ಬಾಗಿಲಿನ, ಗಟ್ಟಿ ಚಾವಣಿಯ ಹಾರ್ಡ್‌ಟಾಪ್, 9 ಅಂದರೆ 1969. ಪಿ ಅಂದರೆ ಪಾಂಟಿಯಾಕ್ ಊರಿನ ಕಾರ್ಖಾನೆ. ಆಕೆಯ ಯಜಮಾನರು ದುಡಿಯುತ್ತಿದ್ದ ಜಾಗ. ಅದನ್ನು ಹೇಳಿದಾಗ ಆಕೆ, "ಹೌದು, ಲೈನಿನಲ್ಲಿ ಇದು ಬರುವುದನ್ನೇ ಕಾಯುತ್ತಿದ್ದರು" ಎಂದರು. ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ ಡಬ್ಲ್ಯುಟಿ ಎಂಬ ಎರಡಕ್ಷರ ಕೊರೆದಿತ್ತು. ಮ್ಯಾನುಯಲ್ ಗೇರಿನ 350 ಅಶ್ವಶಕ್ತಿಯ ಎಂಜಿನ್. ಅದರ ಪಕ್ಕದ ಸಂಖ್ಯೆ ಡ್ಯಾಶ್‌ಬೋರ್ಡಿನ ಸಂಖ್ಯೆಯ ಕೊನೆಯ ಅಂಕಿಗಳಿಗೆ ಸರಿಹೊಂದಿತು. ಕಾರು ಹುಟ್ಟಿದ ಎಂಜಿನ್ನೇ ಅದರಲ್ಲಿ ಇನ್ನೂ ಇದೆ. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬ ಸಂಸ್ಥೆಯ ಬಳಿ ಕಾರ್ಖಾನೆಯ ಹಳೆ ಬಿಲ್ಲುಗಳ ದಾಖಲೆಗಳಿವೆ. ಶುಲ್ಕ ಕಟ್ಟಿ ಸಂಖ್ಯೆ ಕಳಿಸಿದರೆ ಆ ಕಾರು ಯಾವ ಬಣ್ಣದಲ್ಲಿ, ಯಾವ ಯಾವ ಆಪ್ಷನ್‌ಗಳೊಂದಿಗೆ ಹೊರಬಂತು ಎಂಬುದರ ಪ್ರತಿ ಕೊಡುತ್ತಾರೆ. ಆಕೆಯ ಹೆಸರಿನಲ್ಲೇ ಬರೆದು ತರಿಸಿಕೊಟ್ಟೆವು. ವರ್ಡೋರೊ ಗ್ರೀನ್ ಬಣ್ಣ, ನಾಲ್ಕು ಗೇರ್, ಬಾನೆಟ್ಟಿನ ಮೇಲೆ ಕೂರಿಸಿದ, ಎಂಜಿನ್ ತಿರುಗುವ ವೇಗ ತೋರಿಸುವ ಟ್ಯಾಕೋಮೀಟರ್. ಎಲ್ಲ ಈಗಲೂ ಹಾಗೇ ಇವೆ.

ಈ ಕಾಗದ ಯಾಕೆ ಮುಖ್ಯ ಗೊತ್ತಾ? ಆ ವರ್ಷ 'ದಿ ಜಡ್ಜ್' ಎಂಬ ವಿಶೇಷ ಜಿಟಿಒ ಬಂದಿತ್ತು. ಒಟ್ಟು 72,287 ಜಿಟಿಒಗಳಲ್ಲಿ ಜಡ್ಜ್ 6,833 ಮಾತ್ರ. ಅದರ ಗುರುತು ಕಾರಿನ ಸಂಖ್ಯೆಯಲ್ಲಿ ಇಲ್ಲ. ಹಾಗಾಗಿ ಮಾಮೂಲಿ ಜಿಟಿಒಗೆ ಪಟ್ಟೆ ಅಂಟಿಸಿ, ಹಿಂದೆ ರೆಕ್ಕೆಯಂಥ ಸ್ಪಾಯ್ಲರ್ ಹಾಕಿ, ಕಿತ್ತಳೆ ಛಾಯೆಯ ಕ್ಯಾರಸೆಲ್ ರೆಡ್ ಬಳಿದು ಜಡ್ಜ್ ಮಾಡಿಬಿಡುತ್ತಾರೆ. ನಮ್ಮ ಪಕ್ಕದ ಮನೆಯ ಕಾರು ನೋಡಲು ಬಂದ ಒಬ್ಬರು ಅದೇ ಸಲಹೆ ಕೊಟ್ಟರು. ನನಗೆ ಸಿಟ್ಟು ಬಂತು. ಒಬ್ಬ ಕಾರ್ಮಿಕ ತನ್ನ ಸಂಬಳದಲ್ಲಿ ಇಷ್ಟಪಟ್ಟು ಆರಿಸಿದ ಹಸಿರು ಅದು. ಅದನ್ನು ಕೆರೆದು ಹಾಕಿ, ಅದಲ್ಲದ ಇನ್ನೊಂದು ಕಾರಿನ ವೇಷ ತೊಡಿಸುವುದು ಯಾವ ಅಭಿಮಾನ? ಬಣ್ಣ ಅಲ್ಲಲ್ಲಿ ಮಾಸಿದೆ, ಮುಂದಿನ ಬಂಪರಿನ ಮೇಲೆ ಬಿರುಕು ಬಿಟ್ಟಿದೆ. ಇರಲಿ ಬಿಡಿ. ಅದು ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ, ಒಮ್ಮೆ ಕಿತ್ತರೆ ಮತ್ತೆ ಬರುವುದಿಲ್ಲ.

ಇನ್ನೊಬ್ಬರಿಗೆ ಅವಸರ ಬೇರೆ ಥರ. ಹೊಸ ಬ್ಯಾಟರಿ ಹೊತ್ತುಕೊಂಡೇ ಬಂದಿದ್ದರು. "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂದರು. ಈ ಆಸೆ ಎಲ್ಲರಿಗೂ ಇರುತ್ತದೆ. ನಿಂತ ಎಂಜಿನ್ನನ್ನು ಹಾಳುಮಾಡುವುದೂ ಇದೇ ಆಸೆ. ಪಾಂಟಿಯಾಕ್ ವಿ8ರಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟಿನ ಗೇರಿಗೆ ನೈಲಾನ್ ಹಲ್ಲುಗಳಿದ್ದವು. ಸದ್ದು ಕಡಿಮೆಯಾಗಲಿ ಎಂದು ಹಾಗೆ ಮಾಡಿದ್ದರು. ವರ್ಷ ಕಳೆದಂತೆ ನೈಲಾನ್ ಬಿರುಕು ಬಿಟ್ಟು ಉದುರುತ್ತದೆ. ಚೂರುಗಳು ಆಯಿಲ್ ಪ್ಯಾನಿಗೆ ಬಿದ್ದು ಆಯಿಲ್ ಪಂಪ್ ಎಣ್ಣೆ ಎಳೆದುಕೊಳ್ಳುವ ಜಾಲರಿಯನ್ನು ಮುಚ್ಚುತ್ತವೆ. ಎಂಜಿನ್ ಶುರುವಾಗುತ್ತದೆ, ಸದ್ದು ಕೇಳಿ ಸುತ್ತ ನಿಂತವರು ಚಪ್ಪಾಳೆ ಹೊಡೆಯುತ್ತಾರೆ. ಒಳಗೆ ಎಣ್ಣೆ ಇಲ್ಲದೆ ಬೇರಿಂಗ್ ತೇಯುತ್ತಿರುತ್ತದೆ. ಆ ಗೇರನ್ನು ತಿರುಗಿಸುವ ಸರಪಳಿ ಹಾರಿದರೆ ವಾಲ್ವ್ ಟೈಮಿಂಗೇ ತಪ್ಪಿ ಎಂಜಿನ್ ಅಲ್ಲೇ ನಿಲ್ಲುತ್ತದೆ.

ಸಿಲಿಂಡರಿನ ಗೋಡೆಗೆ ಎಣ್ಣೆ ಬಳಿದಂತಿರಬೇಕು. ಇಷ್ಟು ವರ್ಷದಲ್ಲಿ ಅದು ಒಣಗಿ ಪಿಸ್ಟನ್ ರಿಂಗ್ ತುಕ್ಕಿನಲ್ಲಿ ಕಚ್ಚಿಕೊಂಡಿರಬಹುದು. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತುಗಳಿಂದ ತುಕ್ಕು ಸಡಿಲಿಸುವ ಎಣ್ಣೆ ಬಿಡಬೇಕು. ದಿನಗಟ್ಟಲೆ ನೆನೆಯಲು ಬಿಡಬೇಕು. ಆಮೇಲೆ ಪಿಸ್ಟನ್ನುಗಳಿಗೆ ಜೋಡಿಸಿದ ದಂಡ, ಅಂದರೆ ಕ್ರ್ಯಾಂಕಿನ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಕೈಯಲ್ಲೇ, ಮೆಲ್ಲಗೆ ತಿರುಗಿಸಬೇಕು. ತಡೆದರೆ ಅಲ್ಲೇ ನಿಲ್ಲಿಸಬೇಕು. ಆಯಿಲ್ ಪ್ಯಾನ್ ಇಳಿಸಿ, ಟೈಮಿಂಗ್ ಕವರ್ ಬಿಚ್ಚಿ ಆ ಗೇರ್ ನೋಡಬೇಕು. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ, ಎಣ್ಣೆ ಮೇಲಿನವರೆಗೂ ಬಂತೇ ಎಂದು ಖಚಿತ ಮಾಡಿಕೊಳ್ಳಬೇಕು. ಸ್ಟಾರ್ಟರಿನ ಮಾತು ಇಷ್ಟೆಲ್ಲ ಆದ ಮೇಲೆ.

ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದದ್ದು ಕಂದು ಬಣ್ಣದ ಅಂಟು. ವಾಸನೆಗೇ ತಲೆ ಸುತ್ತುತ್ತದೆ. ಅದನ್ನು ಕಾರ್ಬ್ಯುರೇಟರಿಗೆ ಬಿಟ್ಟರೆ ಸಣ್ಣ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ಹಳೆ ರಬ್ಬರ್ ಪೈಪುಗಳು ಇಂದಿನ ಎಥನಾಲ್ ಬೆರೆತ ಪೆಟ್ರೋಲಿಗೆ ತಾಳುವುದಿಲ್ಲ. ಬಿಸಿ ಎಂಜಿನ್ ಮೇಲೆ ಸೋರಿದರೆ ಕಾರಿನ ಜೊತೆ ಗ್ಯಾರೇಜೂ ಉರಿಯುತ್ತದೆ. ಬ್ರೇಕ್ ಆಯಿಲ್ ನೀರು ಹೀರಿಕೊಂಡು ಚಕ್ರಗಳ ಬ್ರೇಕ್ ಒತ್ತುವ ವೀಲ್ ಸಿಲಿಂಡರುಗಳು ಕಚ್ಚಿರುತ್ತವೆ. ಟೈರ್ ನೋಡಲು ಚೆನ್ನಾಗಿದ್ದರೂ ಅದರ ಮೇಲೆ ರಸ್ತೆಗೆ ಹೋಗುವ ಹಾಗಿಲ್ಲ.

ಇಲಿಗಳ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಏರ್ ಕ್ಲೀನರ್, ಹೀಟರ್ ಡಬ್ಬಿ, ಸೀಟಿನ ಸ್ಪ್ರಿಂಗು, ಎಲ್ಲೆಲ್ಲೂ ಗೂಡು. ದಯವಿಟ್ಟು ಒಣ ಹಿಕ್ಕೆಯನ್ನು ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಅಮೆರಿಕದಲ್ಲಿ ಕೆಲವು ಜಾತಿಯ ಇಲಿಗಳಿಂದ ಹಂಟಾ ವೈರಸ್ ಹರಡುತ್ತದೆ. ಧೂಳಿನ ಜೊತೆ ಉಸಿರಿಗೆ ಹೋದರೆ ಪ್ರಾಣಕ್ಕೇ ಅಪಾಯ. ಇಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುವ ಕ್ರಮ ಸರಳ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಬೇಕು. ಗ್ಲೌಸ್ ಹಾಕಿಕೊಳ್ಳಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ನೆನೆಸಿ, ಆಮೇಲೆ ಒರೆಸಿ ತೆಗೆಯಬೇಕು. ಅದಕ್ಕೂ ಮೊದಲು ಇದ್ದದ್ದು ಇದ್ದ ಹಾಗೇ ಫೋಟೊ ತೆಗೆಯಬೇಕು. ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕಾರ್ಖಾನೆಯ ಕಾಗದದ ಚೂರು ಕೆಲವೊಮ್ಮೆ ಉಳಿದಿರುತ್ತದೆ. ಕಸ ಎಂದು ಎಸೆದವರು ಎಷ್ಟೋ ಜನ.

ತುಕ್ಕನ್ನೂ ನೋಡಿದೆವು. ಮಿಶಿಗನ್‌ನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರುಗಳು ಕೆಳಗಿನಿಂದ ಕರಗುತ್ತವೆ. ಡಿಕ್ಕಿಯ ತಳ, ಹಿಂದಿನ ಗಾಜಿನ ಕೆಳ ಅಂಚು, ಹಿಂದಿನ ಆಕ್ಸಲ್ ಮೇಲೆ ಬಾಗಿ ಹೋಗುವ ಛಾಸಿ (ಕಾರಿನ ತಳದ ಚೌಕಟ್ಟು), ಇವು ಈ ಕಾರಿನ ದುರ್ಬಲ ಜಾಗಗಳು. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಪುಟ್ಟಿ ತುಂಬಿದ ಕಡೆ ಅದು ಹಿಡಿಯುವುದಿಲ್ಲ. ಇದರಲ್ಲಿ ಡಿಕ್ಕಿಯ ತಳ ಒಂದು ಕಡೆ ಹೋಗಿದೆ, ಛಾಸಿ ಗಟ್ಟಿಯಾಗಿದೆ. ಚಳಿಗಾಲದಲ್ಲಿ ಅವರು ಇದನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲವಂತೆ.

ಸುದ್ದಿ ಬೀದಿಯಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಗೊತ್ತಿಲ್ಲದವರೊಬ್ಬರು ಆಕೆಯ ಬಾಗಿಲು ತಟ್ಟಿ, ಮೂರು ಸಾವಿರ ಡಾಲರ್ ನಗದು ಹಿಡಿದು, ಇವತ್ತೇ ಟ್ರಕ್ ತರಿಸುತ್ತೇನೆ, ಗುಜರಿಗೆ ಹೋಗುವ ಕಾರಿಗೆ ಇದೇ ಹೆಚ್ಚು ಎಂದರು. ಆಕೆ ಹೂಂ ಎನ್ನಲಿಲ್ಲ. ಕೈಯಲ್ಲಿ ಕಾರ್ಖಾನೆಯ ಬಿಲ್ಲಿನ ಪ್ರತಿ ಇತ್ತು. ಆಮೇಲೆ, ಕೊಳ್ಳುವುದರಲ್ಲೂ ಮಾರುವುದರಲ್ಲೂ ಪಾಲಿಲ್ಲದ ಒಬ್ಬ ಮೌಲ್ಯಮಾಪಕರನ್ನು ಆಕೆಯ ಮಗಳು ಕರೆಸಿದರು. ಅವರು ಬರೆದುಕೊಟ್ಟ ಬೆಲೆ ಆ ಮೂರು ಸಾವಿರದ ಹಲವು ಪಟ್ಟು. ಕೊಳ್ಳುವ ಆಸೆ ನನ್ನ ಗಂಡನಿಗೂ ಇತ್ತು, ಅದರಲ್ಲಿ ತಪ್ಪೇನೂ ಇಲ್ಲ. ಆಕೆ ಮಾರುವುದೇ ಆದರೆ ಆ ಕಾಗದದಲ್ಲಿರುವ ಬೆಲೆಗೆ ನಾವೂ ಕೇಳುತ್ತಿದ್ದೆವು, ಕಡಿಮೆಗಲ್ಲ.

ಆಕೆ ಮಾರಲಿಲ್ಲ. ಕಾರಿನ ಒಡೆತನ ತೋರಿಸುವ ಟೈಟಲ್ ಕಾಗದ ಯಜಮಾನರ ಪೆಟ್ಟಿಗೆಯಲ್ಲೇ ಸಿಕ್ಕಿತು. ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದಾರೆ. ಮೊಮ್ಮಗಳಿಗೆ ಕೊಡುವ ಮನಸ್ಸು. ಚಾವಣಿಯನ್ನು ಮಗಳು ಮಾಡಿಸಿಕೊಟ್ಟಿದ್ದಾರೆ. ಮಿಶಿಗನ್‌ನಲ್ಲಿ ಹಳೆ ಕಾರುಗಳಿಗೆ ಹಿಸ್ಟಾರಿಕ್ ಎಂಬ ವಿಶೇಷ ನಂಬರ್ ಪ್ಲೇಟ್ ಸಿಗುತ್ತದೆ. ಹೆಚ್ಚಾಗಿ ಪ್ರದರ್ಶನ, ಮೆರವಣಿಗೆಗಳಂಥವಕ್ಕಷ್ಟೇ ಓಡಿಸಬೇಕು. ಆಗಸ್ಟ್ ತಿಂಗಳಲ್ಲಿ ಎಲ್ಲಿಗಾದರೂ ಒಯ್ಯಬಹುದು. 1995ರಿಂದ ಇಲ್ಲಿನ ವುಡ್‌ವರ್ಡ್ ಅವೆನ್ಯೂದಲ್ಲಿ ಪ್ರತಿ ಆಗಸ್ಟಿನಲ್ಲಿ ಹಳೆ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಡೆಟ್ರಾಯಿಟ್‌ನಿಂದ ಪಾಂಟಿಯಾಕ್ ಊರಿನವರೆಗೂ ಹೋಗುವ ರಸ್ತೆ ಅದು. ಅರವತ್ತರ ದಶಕದಲ್ಲಿ ಹುಡುಗರು ರಾತ್ರಿ ಇಂಥ ಕಾರುಗಳನ್ನು ಓಡಿಸಿ ಪಂದ್ಯ ಕಟ್ಟುತ್ತಿದ್ದ ರಸ್ತೆಯೂ ಅದೇ. ಮುಂದಿನ ವರ್ಷ ಅಲ್ಲಿಗೆ ಒಯ್ಯಬೇಕು ಎಂದು ಆಕೆ ಹೇಳುತ್ತಾರೆ. ಆಗದಿದ್ದರೆ ಅದರ ಮುಂದಿನ ವರ್ಷ ಎಂದು ನಾನು ಹೇಳುತ್ತೇನೆ. ಪ್ಲಗ್ ತೂತುಗಳಿಗೆ ಎಣ್ಣೆ ಬಿಟ್ಟಿದ್ದೇವೆ. ಕ್ರ್ಯಾಂಕ್ ಇನ್ನೂ ತಿರುಗಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಇಂಥ ಸುದ್ದಿ ನಿಮ್ಮ ಕೈಗೆ ಬಂದಾಗ ಹರಾಜಿನ ಬೆಲೆಯ ಜೊತೆ, ಕಾರಿನ ಮೊದಲ ಒಡೆಯರಿಗೆ ಎಷ್ಟು ಸಿಕ್ಕಿತು ಎಂದೂ ಕೇಳಿ ಬರೆಯಿರಿ. ಅವರಿಗೆ ಸಿಕ್ಕಿದ್ದು ಪುಡಿಗಾಸು ಎಂದಾದರೆ ಅದೂ ತಲೆಬರಹದಲ್ಲಿ ಬರಲಿ. ನಿಂತ ಕಾರನ್ನು ಎಬ್ಬಿಸುವ ಕ್ರಮದ ಬಗ್ಗೆ, ಅನುಭವಸ್ಥ ಮೆಕ್ಯಾನಿಕ್ ಒಬ್ಬರಿಂದ ನಿಮ್ಮ ವಾಹನ ಪುಟದಲ್ಲಿ ಒಂದು ಪೂರ್ಣ ಲೇಖನ ಬರೆಸಿದರೆ ಇನ್ನೂ ಒಳ್ಳೆಯದು.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಮಿಶಿಗನ್