ಲೇಯರ್-2ಗೆ ಹಣ ದಾಟಿಸುವ ಮುನ್ನ ಜಾಲದ ಹೆಸರು ನೋಡಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿದು ಚೆರಿ, ಪಾರ್ಚ್‌ಮೆಂಟ್ ಮಾರಿದ ಹಣ ಕೈಸೇರುವ ಹೊತ್ತಿಗೆ ಕೊಡಗಿನಲ್ಲಿ ಹೂಡಿಕೆಯ ಮಾತು ಶುರುವಾಗುತ್ತದೆ. ಗೋಣಿಕೊಪ್ಪಲು, ಕುಶಾಲನಗರ, ಸೋಮವಾರಪೇಟೆಯ ಯುವಕರಲ್ಲಿ ಆ ಮಾತು ಈಗ ಕ್ರಿಪ್ಟೊ ಕಡೆಗೂ ಹೊರಳಿದೆ. ಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಇಲ್ಲಿ ಬೇಡ. ಈಗಾಗಲೇ ಕೊಂಡವರು ಅದನ್ನು ಎಥೀರಿಯಂ ಎಂಬ ಕ್ರಿಪ್ಟೊ ವ್ಯವಸ್ಥೆಯ ಮುಖ್ಯ ಜಾಲದಿಂದ ಅಗ್ಗದ ಲೇಯರ್-2 ಜಾಲಕ್ಕೆ ದಾಟಿಸುವಾಗ ಕಳೆದುಕೊಳ್ಳಬಾರದು ಎಂಬುದಷ್ಟೇ ಈ ಪತ್ರದ ಕಾಳಜಿ. ಬಿದ್ದ ಬೆಲೆ ಮತ್ತೆ ಏರಬಹುದು. ತಪ್ಪಾಗಿ ಕಳುಹಿಸಿದ ಹಣವನ್ನು ತಡೆಹಿಡಿಯಲು ಇಲ್ಲಿ ಬ್ಯಾಂಕ್ ಮ್ಯಾನೇಜರ್ ಇಲ್ಲ.

ಲೇಯರ್-2 ಎಂದರೆ ನಮ್ಮ ತೋಟಕ್ಕೆ ಕೆಲಸದವರನ್ನು ಕರೆತರುವ ಜೀಪಿನಂತೆ. ಹತ್ತು ಜನ ಹತ್ತು ಆಟೊ ಹಿಡಿಯುವುದಿಲ್ಲ, ಒಂದೇ ಜೀಪಿನಲ್ಲಿ ಬಂದು ಬಾಡಿಗೆ ಹಂಚಿಕೊಳ್ಳುತ್ತಾರೆ. ಆರ್ಬಿಟ್ರಂ, ಆಪ್ಟಿಮಿಸಂ, ಬೇಸ್ ಮುಂತಾದ ಜಾಲಗಳು ಹೀಗೆಯೇ ಸಾವಿರಾರು ವಹಿವಾಟುಗಳನ್ನು ಒಂದು ಕಟ್ಟು ಮಾಡಿ ಎಥೀರಿಯಂ ಮೇಲೆ ದಾಖಲಿಸುತ್ತವೆ. 2024ರ ಮಾರ್ಚ್ 13ರಂದು ಬಂದ ಡೆಂಕುನ್ ಪರಿಷ್ಕರಣೆ ಆ ಕಟ್ಟುಗಳಿಗೆ 'ಬ್ಲಾಬ್' ಎಂಬ ಪ್ರತ್ಯೇಕ, ಅಗ್ಗದ ಜಾಗ ಕೊಟ್ಟಿತು. ಆಮೇಲೆ ಈ ಜಾಲಗಳ ಒಳಗೆ ಹಣ ಕಳುಹಿಸುವ ಖರ್ಚು ಸಾಮಾನ್ಯ ದಿನಗಳಲ್ಲಿ ಪೈಸೆಗಳಿಗೆ, ಹೆಚ್ಚೆಂದರೆ ಕೆಲವು ರೂಪಾಯಿಗೆ ಇಳಿದಿದೆ. ಕೈ ಸುಡುವುದು ಜೀಪಿನೊಳಗಲ್ಲ, ಜೀಪು ಹತ್ತುವಾಗ ಮತ್ತು ಇಳಿಯುವಾಗ.

ಆ ಲೆಕ್ಕವನ್ನು ಎಲ್ಲರೂ ಕಾಗದದ ಮೇಲೆ ಹಾಕಬಹುದು. ಮುಖ್ಯ ಜಾಲದಲ್ಲಿ ಒಬ್ಬರಿಂದ ಒಬ್ಬರಿಗೆ ಈಥರ್, ಅಂದರೆ ಎಥೀರಿಯಂನ ನಾಣ್ಯ, ಕಳುಹಿಸಲು 21,000 ಗ್ಯಾಸ್ ಬೇಕು; ಗ್ಯಾಸ್ ಎಂದರೆ ಜಾಲ ಮಾಡುವ ಕೆಲಸದ ಅಳತೆ. ಗ್ಯಾಸ್ ದರ 20 ಗ್ವೇ (ಒಂದು ಗ್ವೇ ಎಂದರೆ ಈಥರ್‌ನ ನೂರು ಕೋಟಿಯಲ್ಲೊಂದು ಭಾಗ) ಇದ್ದರೆ ತಗಲುವುದು 0.00042 ಈಥರ್. ಒಂದು ಈಥರ್‌ಗೆ 2 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ 84 ರೂಪಾಯಿ. ಒಂದು ಜಾಲದಿಂದ ಇನ್ನೊಂದಕ್ಕೆ ಹಣ ದಾಟಿಸುವ ಸೇತುವೆಗೆ, ಅಂದರೆ ಬ್ರಿಡ್ಜ್‌ಗೆ, ಹಣ ಹಾಕುವುದು ಇದಕ್ಕಿಂತ ದೊಡ್ಡ ಕೆಲಸ. 1 ಲಕ್ಷ ಗ್ಯಾಸ್ ಹಿಡಿದರೆ ಅದೇ ದರದಲ್ಲಿ 400 ರೂಪಾಯಿ. ಈಥರ್ ಬದಲು ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಸಿಯಂಥ ಟೋಕನ್ ದಾಟಿಸುವುದಾದರೆ ಅದಕ್ಕೂ ಮೊದಲು 'ಅಪ್ರೂವ್', ಅಂದರೆ ನಿಮ್ಮ ಟೋಕನ್ ತೆಗೆದುಕೊಳ್ಳಲು ಸೇತುವೆಗೆ ಅನುಮತಿ ಕೊಡುವ ಇನ್ನೊಂದು ವಹಿವಾಟು. ಸುಮಾರು 50,000 ಗ್ಯಾಸ್, ಇನ್ನೊಂದು 200 ರೂಪಾಯಿ. ಗ್ಯಾಸ್ ದರ 2 ಗ್ವೇಗೆ ಇಳಿದ ಹೊತ್ತಿನಲ್ಲಿ ಇದೇ 600 ರೂಪಾಯಿಯ ಕೆಲಸ 60 ರೂಪಾಯಿಗೆ ಮುಗಿಯುತ್ತದೆ. ಅಮೆರಿಕ ಎಚ್ಚರವಿರುವ ನಮ್ಮ ಸಂಜೆ, ರಾತ್ರಿಗಳಲ್ಲಿ ದರ ಏರುವುದು ಹೆಚ್ಚು. ಭಾನುವಾರ ಬೆಳಗ್ಗೆ ಈಥರ್‌ಸ್ಕ್ಯಾನ್ ಎಂಬ ವೆಬ್‌ಸೈಟಿನ ಗ್ಯಾಸ್ ಪುಟ ನೋಡಿಕೊಂಡು ಕೂತರೆ ಹಣ ಉಳಿಯುತ್ತದೆ. ಅರ್ಧದಲ್ಲಿ ವಿಫಲವಾದ ವಹಿವಾಟಿಗೂ ಗ್ಯಾಸ್ ಹಣ ಹೋಗುತ್ತದೆ, ಅದು ಹಿಂದಿರುಗದು.

ಇಷ್ಟಾಗಿಯೂ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ನಿಮಗೆ ಸೇತುವೆ ಬೇಕೇ ಬೇಕೆ ಎಂಬುದು. ಹಣ ಇನ್ನೂ ನೀವು ಕ್ರಿಪ್ಟೊ ಕೊಂಡ ಎಕ್ಸ್‌ಚೇಂಜ್‌ನಲ್ಲೇ ಇದ್ದರೆ, ಅಲ್ಲಿನ ವಿತ್‌ಡ್ರಾ ಪುಟದಲ್ಲಿ ನೆಟ್‌ವರ್ಕ್ ಆಯ್ಕೆ ತೆರೆದು ನೋಡಿ. ಆರ್ಬಿಟ್ರಂ ಒನ್, ಆಪ್ಟಿಮಿಸಂ, ಬೇಸ್ ಇವುಗಳಲ್ಲೊಂದು ಅಲ್ಲಿದ್ದರೆ ನೇರವಾಗಿ ಲೇಯರ್-2ಗೇ ತೆಗೆಯಿರಿ. ಮುಖ್ಯ ಜಾಲ ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಇದಕ್ಕಿಂತ ಅಗ್ಗದ, ಸುರಕ್ಷಿತ ದಾರಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮ ದೇಶದ ಕೆಲವು ಎಕ್ಸ್‌ಚೇಂಜ್‌ಗಳು ಹೊರಗಿನ ವ್ಯಾಲೆಟ್‌ಗೆ, ಅಂದರೆ ಹಣ ಅಲುಗಿಸುವ ಗುಟ್ಟಿನ ಕೀಲಿ ನಿಮ್ಮ ಕೈಯಲ್ಲಿರುವ ಆ್ಯಪ್‌ಗೆ, ಕಳುಹಿಸಲು ಬಿಡುವುದೇ ಇಲ್ಲ. ಅದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು.

ಆ ನೆಟ್‌ವರ್ಕ್ ಪಟ್ಟಿಯಲ್ಲೇ ಅಪಾಯವೂ ಇದೆ. ಸೊನ್ನೆ-ಎಕ್ಸ್‌ನಿಂದ ಶುರುವಾಗುವ 42 ಅಕ್ಷರಗಳ ನಿಮ್ಮ ವಿಳಾಸ ಎಥೀರಿಯಂನಲ್ಲೂ ಆರ್ಬಿಟ್ರಂನಲ್ಲೂ ಬೇಸ್‌ನಲ್ಲೂ ಒಂದೇ. ವಿಳಾಸ ಒಂದೇ ಆದರೂ ಜಾಲ ಬೇರೆ; ಒಂದೇ ಮನೆ ಹೆಸರು ಮೂರು ಊರಿನಲ್ಲಿದ್ದ ಹಾಗೆ. ಹಣ ಹೋದದ್ದು ನಿಮ್ಮದೇ ವ್ಯಾಲೆಟ್ ವಿಳಾಸಕ್ಕಾದರೆ, ಜಾಲ ತಪ್ಪಿದ್ದರೂ ಕೀಲಿ ನಿಮ್ಮ ಕೈಯಲ್ಲೇ ಇದೆ. ವ್ಯಾಲೆಟ್‌ನಲ್ಲಿ ಆ ಜಾಲ ಸೇರಿಸಿದರೆ ಹಣ ಕಾಣುತ್ತದೆ. ಜಾಲ ಸೇರಿಸುವಾಗ ಚೈನ್ ಐಡಿ, ಅಂದರೆ ಜಾಲದ ಗುರುತು ಸಂಖ್ಯೆ, ತಾಳೆ ನೋಡಿ: ಎಥೀರಿಯಂ 1, ಆಪ್ಟಿಮಿಸಂ 10, ಬೇಸ್ 8453, ಆರ್ಬಿಟ್ರಂ ಒನ್ 42161. ಆದರೆ ಎಕ್ಸ್‌ಚೇಂಜ್ ಕೊಟ್ಟ ಡೆಪಾಸಿಟ್ ವಿಳಾಸದ ಕೀಲಿ ಅವರದು. ಅವರು ಬೆಂಬಲಿಸದ ಜಾಲದಿಂದ ಕಳುಹಿಸಿದರೆ, ಅವರು ಮನಸ್ಸು ಮಾಡಿದರಷ್ಟೇ ಹಣ ವಾಪಸು.

ಮನೆಯ ಇಬ್ಬರು ಮೂವರು ಸಹಿ ಹಾಕಬೇಕಾದ ಜಂಟಿ ವ್ಯಾಲೆಟ್, ಅಂದರೆ ಮಲ್ಟಿಸಿಗ್ ಇಟ್ಟುಕೊಂಡವರು ಇನ್ನೂ ಜೋಪಾನವಾಗಿರಬೇಕು. ಅದು ಖಾತೆಯಲ್ಲ, ಒಂದು ಜಾಲದ ಮೇಲೆ ಕಟ್ಟಿದ ಪ್ರೋಗ್ರಾಂ. ಇನ್ನೊಂದು ಜಾಲದಲ್ಲಿ ಆ ವಿಳಾಸ ಖಾಲಿ ಸೈಟಿನಂತೆ ಬಿದ್ದಿರಬಹುದು. 2022ರಲ್ಲಿ ವಿಂಟರ್‌ಮ್ಯೂಟ್ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆಗೆ ಬರಬೇಕಿದ್ದ ಆಪ್ಟಿಮಿಸಂನ 2 ಕೋಟಿ ಓಪಿ ಟೋಕನ್ ಹೀಗೆಯೇ ಕೈತಪ್ಪಿತು. ಅವರು ಕೊಟ್ಟದ್ದು ಮುಖ್ಯ ಜಾಲದ ಮಲ್ಟಿಸಿಗ್ ವಿಳಾಸ, ಟೋಕನ್ ಹೋದದ್ದು ಆಪ್ಟಿಮಿಸಂ ಜಾಲಕ್ಕೆ. ಅಲ್ಲಿ ಆ ವ್ಯಾಲೆಟ್ ಇನ್ನೂ ಕಟ್ಟಿರಲೇ ಇಲ್ಲ. ಬೇರೊಬ್ಬ ಬಂದು ಅದೇ ವಿಳಾಸದಲ್ಲಿ ತನ್ನ ವ್ಯಾಲೆಟ್ ಕಟ್ಟಿಕೊಂಡು ಹಣದ ಒಡೆಯನಾದ. ಹಗಲಿರುಳು ಇದೇ ಕೆಲಸ ಮಾಡುವವರಿಗೇ ಹೀಗಾಗಿದೆ.

ಆದ್ದರಿಂದ ಮೊದಲು 500 ರೂಪಾಯಿ ಬೆಲೆಯಷ್ಟು ಕಳುಹಿಸಿ ನೋಡಿ. ಅದು ತಲುಪಿದರೆ ಸಾಲದು, ತಲುಪಿದ ಕಡೆಯಿಂದ ಸ್ವಲ್ಪ ವಾಪಸು ಕಳುಹಿಸಲು ಆಗುತ್ತದೆಯೇ ಎಂದೂ ಪರೀಕ್ಷಿಸಿ. ಈ ಮೂರು ಲೇಯರ್-2ಗಳಲ್ಲೂ ಗ್ಯಾಸ್ ಕಟ್ಟುವುದು ಈಥರ್‌ನಲ್ಲಿ. ಬರೀ ಯುಎಸ್‌ಡಿಸಿ ದಾಟಿಸಿ ಈಥರ್ ಒಂದಿಷ್ಟೂ ಒಯ್ಯದವರು, ಲಕ್ಷ ರೂಪಾಯಿ ಕಣ್ಣೆದುರಿದ್ದರೂ ಅಲುಗಿಸಲಾಗದೆ ಕೂರುತ್ತಾರೆ. 0.002 ಈಥರ್ ಜೊತೆಗಿದ್ದರೆ ಬಹಳ ದಿನ ಸಾಕು.

ಹಣ ಈಗಾಗಲೇ ಮುಖ್ಯ ಜಾಲದ ವ್ಯಾಲೆಟ್‌ನಲ್ಲಿದ್ದರೆ ಸೇತುವೆ ಅನಿವಾರ್ಯ. ಸೇತುವೆ ಏನು ಮಾಡುತ್ತದೆಂಬುದು ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪಾರ್ಚ್‌ಮೆಂಟ್ ಇಳಿಸಿ ರಸೀದಿ ತರುತ್ತೇವಲ್ಲ, ಹಾಗೆಯೇ. ನಿಮ್ಮ ಅಸಲು ಟೋಕನ್ ಈಚೆ ದಡದ ಗೋದಾಮಿನಲ್ಲಿ ಬೀಗದೊಳಗಿರುತ್ತದೆ, ಆಚೆ ದಡದಲ್ಲಿ ನಿಮ್ಮ ಕೈಗೆ ಅದರ ರಸೀದಿ. ಗೋದಾಮಿಗೆ ಕನ್ನ ಬಿದ್ದರೆ ರಸೀದಿ ಬರೀ ಕಾಗದ. 2022ರ ಫೆಬ್ರುವರಿಯಲ್ಲಿ ವರ್ಮ್‌ಹೋಲ್ ಸೇತುವೆಯಿಂದ ಸುಮಾರು 32 ಕೋಟಿ ಡಾಲರ್, ಮಾರ್ಚ್‌ನಲ್ಲಿ ರೋನಿನ್‌ನಿಂದ 60 ಕೋಟಿ ಡಾಲರ್‌ಗೂ ಹೆಚ್ಚು, ಆಗಸ್ಟ್‌ನಲ್ಲಿ ನೋಮ್ಯಾಡ್‌ನಿಂದ ಸುಮಾರು 19 ಕೋಟಿ ಡಾಲರ್ ಹೋಯಿತು. ರೋನಿನ್‌ನಲ್ಲಿ ಒಂಬತ್ತು ಕೀಲಿಗಳಲ್ಲಿ ಐದು ಕಳ್ಳರ ಪಾಲಾಗಿದ್ದವು, ಬೀಗ ತೆಗೆಯಲು ಐದೇ ಸಾಕಿತ್ತು.

ಹೀಗಾಗಿ ದೊಡ್ಡ ಮೊತ್ತಕ್ಕೆ ಆಯಾ ಲೇಯರ್-2ರ ಅಧಿಕೃತ ಸೇತುವೆಯನ್ನೇ ಹಿಡಿಯಿರಿ. ಹಣ ಕೆಲವು ನಿಮಿಷದಿಂದ ಕಾಲು ಗಂಟೆಯೊಳಗೆ ಆಚೆ ತಲುಪುತ್ತದೆ. ಅದರ ಕೊಂಡಿಯನ್ನು ಆ ಜಾಲದ ಅಧಿಕೃತ ದಾಖಲೆ ಪುಟದಿಂದಲೇ ತೆಗೆದು ಬುಕ್‌ಮಾರ್ಕ್ ಮಾಡಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಅಸಲಿನಂತೆಯೇ ಕಾಣುವ ನಕಲಿ ಪುಟಗಳು ಅಲ್ಲೇ ಕಾದಿರುತ್ತವೆ. ಅಪ್ರೂವ್ ಕೇಳಿದಾಗ ವ್ಯಾಲೆಟ್ ತೋರಿಸುವ ಮಿತಿ ಓದಿ. ಅನಿಯಮಿತ ಎಂದಿದ್ದರೆ ಅಳಿಸಿ, ದಾಟಿಸುವ ಮೊತ್ತವನ್ನಷ್ಟೇ ಬರೆಯಿರಿ. ಇನ್ನು ಆರ್ಬಿಟ್ರಂನಲ್ಲಿ ಯುಎಸ್‌ಡಿಸಿ ಎರಡು ಬಗೆ. 2023ರ ಜೂನ್‌ನಿಂದ ಸರ್ಕಲ್ ಸಂಸ್ಥೆ ಅಲ್ಲಿ ನೇರವಾಗಿ ಬಿಡುಗಡೆ ಮಾಡುತ್ತಿರುವುದು ಒಂದು, ಸೇತುವೆ ದಾಟಿ ಬಂದ 'ಯುಎಸ್‌ಡಿಸಿ ಡಾಟ್ ಇ' ಇನ್ನೊಂದು. ಕೊನೆಯ ಆ ಒಂದಕ್ಷರ ಗಮನಿಸದೆ ಎಕ್ಸ್‌ಚೇಂಜ್‌ಗೆ ಕಳುಹಿಸಿದರೆ ಜಮಾ ಆಗದೆ ಉಳಿಯಬಹುದು.

ಹೋಗುವುದು ನಿಮಿಷಗಳ ಕೆಲಸ, ಬರುವುದು ವಾರದ ಕೆಲಸ. ಆರ್ಬಿಟ್ರಂ, ಆಪ್ಟಿಮಿಸಂ, ಬೇಸ್ ಮೂರೂ ಎಲ್ಲವೂ ಸರಿಯಿದೆ ಎಂದು ನಂಬಿ ಮುಂದೆ ಸಾಗುವ ಜಾಲಗಳು. ಸುಳ್ಳು ಲೆಕ್ಕ ಬಂದಿದ್ದರೆ ಯಾರಾದರೂ ತಕರಾರು ಎತ್ತಲೆಂದು ಸುಮಾರು 7 ದಿನ ಬಿಡುತ್ತವೆ. ಅಧಿಕೃತ ಸೇತುವೆಯಲ್ಲಿ ಆ ಕಾಯುವಿಕೆ ತಪ್ಪಿದ್ದಲ್ಲ. ಆಪ್ಟಿಮಿಸಂ ಮತ್ತು ಬೇಸ್‌ನಲ್ಲಿ ಮೂರು ಹಂತ: ಲೇಯರ್-2ರಲ್ಲಿ ಹಿಂಪಡೆತ ಶುರುಮಾಡುವುದು, ಮುಖ್ಯ ಜಾಲದಲ್ಲಿ 'ಪ್ರೂವ್' ಮಾಡುವುದು, ಕೊನೆಗೆ 'ಫೈನಲೈಸ್'. ಏಳು ದಿನದ ಗಡಿಯಾರ ಓಡತೊಡಗುವುದು ಪ್ರೂವ್ ಮಾಡಿದ ಮೇಲೆ. ಮೊದಲ ಹಂತ ಮುಗಿಸಿ ವಾರ ಕಾದು ಬಂದವರಿಗೆ, ಎಣಿಕೆ ಇನ್ನೂ ಶುರುವೇ ಆಗಿಲ್ಲ ಎಂದು ಆಗ ಗೊತ್ತಾಗುತ್ತದೆ. ಆರ್ಬಿಟ್ರಂನಲ್ಲಿ ಎರಡೇ ಹಂತ, ಕೊನೆಯ 'ಕ್ಲೇಮ್' ನೀವೇ ಒತ್ತಬೇಕು. ಈ ಕೊನೆಯ ಕೆಲಸಗಳಿಗೆ ಮುಖ್ಯ ಜಾಲದಲ್ಲಿ ಈಥರ್ ಬೇಕು. ಎಲ್ಲವನ್ನೂ ಆಚೆ ಸಾಗಿಸಿ ಈಚೆ ಸೊನ್ನೆ ಮಾಡಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಕ್ರಾಸ್, ಹಾಪ್‌ನಂಥ ಮೂರನೆಯವರ ಸೇತುವೆಗಳು ಕಮಿಷನ್ ಪಡೆದು ನಿಮಿಷಗಳಲ್ಲಿ ಹಣ ಕೊಡುತ್ತವೆ. ಸಣ್ಣ ಮೊತ್ತಕ್ಕೆ ಅದು ಸರಿ. ಮಗಳ ಕಾಲೇಜು ಶುಲ್ಕದ ಹಣವಾದರೆ ವಾರ ಮೊದಲೇ ಹೊರಡಿಸಿ ಅಧಿಕೃತ ದಾರಿಯಲ್ಲೇ ತರಿಸಿ.

ಕಕ್ಕಡ ತಿಂಗಳ ಮಳೆಯಲ್ಲಿ ನಮಗೆ ಇನ್ನೊಂದು ತೊಂದರೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಕೂಡ ಸಾಯುತ್ತದೆ. ಕನ್ಫರ್ಮ್ ಒತ್ತಿದ ಮರುಕ್ಷಣ ಹೀಗಾದರೆ ಹಣ ಮಧ್ಯದಲ್ಲಿ ಸಿಕ್ಕಿಕೊಂಡಿತೆಂದು ಗಾಬರಿಯಾಗುವುದು ಸಹಜ. ವಹಿವಾಟು ಒಮ್ಮೆ ಜಾಲಕ್ಕೆ ಹೊರಟ ಮೇಲೆ ನಿಮ್ಮ ಫೋನ್ ಆರಿದರೂ ಅದು ನಡೆಯುತ್ತದೆ. ಮಾಡಬಾರದ್ದು ಒಂದೇ, ನೆಟ್‌ವರ್ಕ್ ಬಂದೊಡನೆ ಅದನ್ನೇ ಮತ್ತೆ ಕಳುಹಿಸುವುದು. ಮೊದಲು ನಿಮ್ಮ ವಿಳಾಸವನ್ನು ಈಥರ್‌ಸ್ಕ್ಯಾನ್‌ನಲ್ಲಿ, ಆರ್ಬಿಟ್ರಂ ಆದರೆ ಆರ್ಬಿಸ್ಕ್ಯಾನ್‌ನಲ್ಲಿ ಹಾಕಿ ನೋಡಿ. ಬಾಕಿ ಎಂದು ತೋರಿಸಿದರೆ ನೀವು ಕೊಟ್ಟ ಗ್ಯಾಸ್ ದರ ಸಾಲದಾಗಿದೆ ಎಂದರ್ಥ. ಪ್ರತಿ ವಹಿವಾಟಿಗೂ 'ನಾನ್ಸ್' ಎಂಬ ಕ್ರಮಸಂಖ್ಯೆ ಇರುತ್ತದೆ. ವ್ಯಾಲೆಟ್‌ನ ಸ್ಪೀಡ್ ಅಪ್ ಒತ್ತಿದರೆ ಅದೇ ಸಂಖ್ಯೆಯಲ್ಲಿ ಹೆಚ್ಚಿನ ದರದ ವಹಿವಾಟು ಹೋಗಿ ಹಳೆಯದರ ಜಾಗ ಹಿಡಿಯುತ್ತದೆ, ಎರಡು ಸಲ ಹಣ ಹೋಗುವುದಿಲ್ಲ.

ವ್ಯಾಲೆಟ್ ಮರಳಿ ತೆರೆಯಲು ಬೇಕಾದ 12 ಅಥವಾ 24 ಪದಗಳ ಗುಟ್ಟು ಕಾಗದಕ್ಕೂ ಮಳೆಗಾಲವೇ ಶತ್ರು. ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ನಮ್ಮ ಜೂನ್, ಜುಲೈಯಲ್ಲಿ ಇಂಕಿನ ಬರಹ ಹರಡಿಹೋಗುತ್ತದೆ. ಸ್ಟೀಲ್ ತಗಡಿನ ಮೇಲೆ ಕೊರೆದಿಡಿ. ಸಾಮಾನ್ಯವಾಗಿ ಬಳಕೆಯಲ್ಲಿರುವ 2,048 ಪದಗಳ ಇಂಗ್ಲಿಷ್ ಪಟ್ಟಿಯಲ್ಲಿ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರವೂ ಒಂದೇ ಅಲ್ಲವಾದ್ದರಿಂದ ಪದಕ್ಕೆ ನಾಲ್ಕಕ್ಷರ ಕೊರೆದರೆ ಸಾಕು. ಫೋಟೊ ತೆಗೆದಿಡಬೇಡಿ. ಸಹಾಯ ಮಾಡುತ್ತೇನೆಂದು ಟೆಲಿಗ್ರಾಂನಲ್ಲಿ ಬಂದು ಆ ಪದಗಳನ್ನು ಕೇಳುವವನು ಕಳ್ಳನೇ.

ಹಳೆಯ ವಹಿವಾಟಿನ ಪಟ್ಟಿಯಿಂದ ವಿಳಾಸ ನಕಲು ಮಾಡುವ ಅಭ್ಯಾಸವನ್ನೂ ಬಿಡಬೇಕು. ಮೊದಲ, ಕೊನೆಯ ಕೆಲವು ಅಕ್ಷರಗಳು ನಿಮ್ಮವರ ವಿಳಾಸದಂತೆಯೇ ಇರುವ ವಿಳಾಸ ಸೃಷ್ಟಿಸಿ, ಅದರಿಂದ ಪುಡಿಗಾಸು ಕಳುಹಿಸಿ ನಿಮ್ಮ ಪಟ್ಟಿಯೊಳಗೆ ನುಸುಳುತ್ತಾರೆ. 2024ರ ಮೇ ತಿಂಗಳಲ್ಲಿ ಒಬ್ಬರು ಇಂಥ ವಿಳಾಸಕ್ಕೆ 1,155 ಡಬ್ಲ್ಯುಬಿಟಿಸಿ (ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ ಟೋಕನ್), ಸುಮಾರು 6.8 ಕೋಟಿ ಡಾಲರ್ ಬೆಲೆಯದ್ದು, ಕಳುಹಿಸಿಬಿಟ್ಟರು. ಅದೃಷ್ಟಕ್ಕೆ ಆ ಕಳ್ಳ ಬಹುಪಾಲು ಹಿಂದಿರುಗಿಸಿದ. ನಡುವಿನ ಅಕ್ಷರಗಳನ್ನೂ ಓದಿ.

ಕಾಫಿ ಆದಾಯಕ್ಕಿರುವ ಕೃಷಿ ವಿನಾಯಿತಿ ಕ್ರಿಪ್ಟೊ ಹಣಕ್ಕಿಲ್ಲ. 2022ರ ಏಪ್ರಿಲ್ 1ರಿಂದ ಲಾಭದ ಮೇಲೆ ಶೇ 30 ತೆರಿಗೆ ಮತ್ತು ಅದರ ಮೇಲೆ ಸೆಸ್, ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೇಲೆ ಶೇ 1 ಟಿಡಿಎಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಈಥರ್ ಕೊಟ್ಟು ಯುಎಸ್‌ಡಿಸಿ ಪಡೆದರೂ ಅದು ಮಾರಾಟವೇ. ದಾಟಿಸಿದ ಪ್ರತಿ ಸಲವೂ ದಿನಾಂಕ, ಎರಡೂ ಜಾಲದ ವಹಿವಾಟು ಸಂಖ್ಯೆ, ಅಂದಿನ ರೂಪಾಯಿ ಬೆಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಲೆಕ್ಕಪರಿಶೋಧಕರ ಮುಂದೆ ಪರದಾಡಬೇಕಿಲ್ಲ.

ಈ ವಿವರಗಳೆಲ್ಲ ಇಂಗ್ಲಿಷ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ನಾಪೋಕ್ಲು, ಸಿದ್ದಾಪುರದ ಹುಡುಗನಿಗೆ ಕನ್ನಡದಲ್ಲಿ ಸಿಗುವುದು ಬಹುಪಾಲು ಲಾಭದ ಆಸೆ ಹುಟ್ಟಿಸುವ ವಿಡಿಯೊಗಳು. ತಮ್ಮ ಪತ್ರಿಕೆ ಕಾಫಿ, ಕರಿಮೆಣಸಿನ ದರದ ಪಕ್ಕದಲ್ಲಿ ವಾರಕ್ಕೊಮ್ಮೆಯಾದರೂ ಚಿಕ್ಕ ಚೌಕವೊಂದನ್ನು ಇದಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ. ಅದರಲ್ಲಿ ಆ ವಾರದ ಗ್ಯಾಸ್ ದರ, ಚೈನ್ ಐಡಿಗಳು, ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930 ಇರಲಿ. ಮೋಸ ಹೋದವರು ಮೊದಲ ಗಂಟೆಯಲ್ಲೇ ಆ ಸಂಖ್ಯೆಗೆ ಕರೆಮಾಡಿದರೆ, ಎಕ್ಸ್‌ಚೇಂಜ್ ದಾಟಿ ಹೋಗುವ ಮೊದಲು ಹಣ ತಡೆಯುವ ಅವಕಾಶ ಇನ್ನೂ ಇರುತ್ತದೆ.

ಇತಿ,
ಓರ್ವ ಓದುಗ
ಗೋಣಿಕೊಪ್ಪಲು, ದಕ್ಷಿಣ ಕೊಡಗು